ಕೊಡುವುದಾದರೆ ಕೂಲಿಗೆ ಕೊಡೋಣ

ಅಳಿವಿನಂಚಿನ ಗಿಡಗಳನ್ನು ಸಾಕುವ ತೋಟವೊಂದು ಊರವರಿಂದ ವಂತಿಗೆ ಕೇಳಿದರೆ ಕೊಡಬೇಕೇ ಎಂಬ ಬಗ್ಗೆ ನನ್ನ ತಕರಾರಿಲ್ಲ. ಕೊಡಬೇಕು. ಆದರೆ ಹಾಗೆ ಕೊಡುವಾಗ ನಾವು ಹೇಳಿಕೊಳ್ಳುವ ಕಾರಣಗಳಲ್ಲಿ ಬಹುಪಾಲು ನನಗೆ ಒಪ್ಪಿಗೆಯಾಗುವುದಿಲ್ಲ. ಕಾರಣ ಏನೇ ಇರಲಿ, ಹಣ ತಲುಪಿದರೆ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು ಎಂದು ನನ್ನ ಅನುಮಾನ. ಯಾವ ಕಾರಣಕ್ಕೆ ಕೊಡುತ್ತೇವೋ ಅದಕ್ಕೆ ತಕ್ಕಂತೆಯೇ ತೋಟದವರು ಖರ್ಚು ಮಾಡಬೇಕಾಗುತ್ತದೆ. ನೆಡಲು ಕೊಟ್ಟರೆ ನೆಡುತ್ತಾರೆ, ಫಲಕಕ್ಕೆ ಕೊಟ್ಟರೆ ಫಲಕ ಹಾಕಿಸುತ್ತಾರೆ. ನೆಟ್ಟದ್ದನ್ನು ಮುಂದಿನ ಹತ್ತು ಮಳೆಗಾಲ ನೋಡಿಕೊಳ್ಳುವುದಕ್ಕೆ ಮಾತ್ರ ಯಾರೂ ಕೊಟ್ಟಿರುವುದಿಲ್ಲ.

ಮೊದಲು, ಇಂಥ ತೋಟವೇ ಬೇಡ ಎನ್ನುವವರ ಮಾತನ್ನು ಕೇಳೋಣ. ಅದು ತಳ್ಳಿಹಾಕುವಂಥ ಮಾತಲ್ಲ. ಗಿಡದ ಜಾಗ ಕಾಡು. ಕಾಡು ಉಳಿದರೆ ಗಿಡ ತಾನಾಗಿ ಉಳಿಯುತ್ತದೆ. ಕುಂಡದಲ್ಲಿ ನಿಂತ ಗಿಡಕ್ಕೆ ಅದರ ಹಕ್ಕಿಯೂ ಇಲ್ಲ, ದುಂಬಿಯೂ ಇಲ್ಲ. ತತ್ತ್ವವಾಗಿ ಇದನ್ನು ನಾನು ಒಪ್ಪುತ್ತೇನೆ. ಆದರೆ ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಬಂದರೆ ತತ್ತ್ವ ಸ್ವಲ್ಪ ತಡವರಿಸುತ್ತದೆ. ಗೇರು ಕುಟುಂಬಕ್ಕೆ ಸೇರಿದ ಮರವೊಂದನ್ನು ಅಲ್ಲಿ ಗುರುತಿಸಿ, 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಊರಿನ ಹೆಸರನ್ನೇ ಇಟ್ಟರು. ಆಗ ಲೆಕ್ಕಕ್ಕೆ ಸಿಕ್ಕ ಬೆಳೆದ ಮರಗಳು ನೂರಕ್ಕಿಂತ ಕಡಿಮೆ. ಈ ಜಾತಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೆಳೆಯುವುದು ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ಕಣಿವೆಯ ತಳದಲ್ಲಿ ಸಿಹಿನೀರು ನಿಂತು ಕೆಸರಾಗಿರುವ ಕಾಡಿನಲ್ಲಿ. ಮಟ್ಟಸವಾದ, ನೀರಿಗೆ ಕೊರತೆಯಿಲ್ಲದ ಅಂಥ ನೆಲವನ್ನು ನಮ್ಮ ಹಿರಿಯರು ಅಡಕೆ ತೋಟ ಮಾಡಿದರು, ಗದ್ದೆ ಮಾಡಿದರು. ಊಟಕ್ಕೆ ದುಡಿದವರನ್ನು ಇವತ್ತು ಕುಳಿತು ದೂರುವುದರಲ್ಲಿ ಅರ್ಥವಿಲ್ಲ. ಆದರೆ ಉಳಿದ ಜಡ್ಡಿಗಳು ತುಂಡುತುಂಡಾಗಿವೆ ಎಂಬುದಂತೂ ನಿಜ. ಕಾಡೇ ಅಷ್ಟು ಚಿಕ್ಕದಾದ ಮೇಲೆ ಒಂದು ಗುಡ್ಡ ಜರಿದರೆ, ಒಂದು ಹಳ್ಳದ ದಿಕ್ಕು ಬದಲಾದರೆ, ಕಾಡನ್ನು ಉಳಿಸಿದವರ ಕೈಯಲ್ಲೂ ಮರ ಉಳಿಯಲಿಕ್ಕಿಲ್ಲ. ಬೇರೊಂದು ಕಡೆ ಅದೇ ಜಾತಿಯ ಕೆಲವು ಮರಗಳಿರಲಿ ಎನ್ನುವುದು ಕಾಡಿಗೆ ಮಾಡುವ ದ್ರೋಹವಾಗುವುದಿಲ್ಲ. ಕಾಡು ಹೋದರೂ ಚಿಂತೆಯಿಲ್ಲ, ತೋಟದಲ್ಲಿದೆಯಲ್ಲ ಎಂದು ಯಾರಾದರೂ ಹೇಳಿದರೆ ಆಗ ದ್ರೋಹವಾಗುತ್ತದೆ. ಅಣೆಕಟ್ಟು, ರಸ್ತೆಗಳ ಚರ್ಚೆಯಲ್ಲಿ ಈ ಮಾತು ಕೇಳಿಬರುವ ಸಾಧ್ಯತೆ ಇರುವುದರಿಂದ ತೋಟದವರು ಎಚ್ಚರವಾಗಿರಬೇಕು.

ಹಾಗಿದ್ದರೆ ಬೀಜ ತೆಗೆದಿಟ್ಟರಾಯಿತಲ್ಲ, ಇಷ್ಟೆಲ್ಲ ತೋಟ ಏಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ರಾಗಿ, ಭತ್ತದ ಬೀಜ ಕಾಪಿಟ್ಟ ಅನುಭವದಿಂದ ಹುಟ್ಟಿದ ಪ್ರಶ್ನೆ ಇದು. ಬೀಜದ ಬ್ಯಾಂಕುಗಳು ಬೀಜವನ್ನು ಚೆನ್ನಾಗಿ ಒಣಗಿಸಿ, ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ತಂಪಿನಲ್ಲಿ ಇಡುತ್ತವೆ. ಆದರೆ ಮಾವಿನ ಗೊರಟೆಯನ್ನೋ ಹಲಸಿನ ಬೀಜವನ್ನೋ ಬೇಸಿಗೆಯಿಡೀ ಅಟ್ಟದ ಮೇಲೆ ಒಣಗಿಸಿ ಆಮೇಲೆ ಬಿತ್ತಿ ನೋಡಿ. ಮೊಳೆಯುವುದಿಲ್ಲ. ಮಳೆಕಾಡಿನ ಬಹಳಷ್ಟು ಮರಗಳ ಬೀಜ ಈ ಸ್ವಭಾವದ್ದೇ. ಜಾಯಿಕಾಯಿ ಕುಟುಂಬದ ಜಡ್ಡಿ ಮರಗಳೂ ಹಾಗೆ, ಸಾಲುಧೂಪವೂ ಹಾಗೆ. ತೇವ ಆರಿದರೆ ಜೀವ ಹೋಯಿತು. ಅವುಗಳನ್ನು ಉಳಿಸುವ ಪೆಟ್ಟಿಗೆ ಎಂಬುದಿದ್ದರೆ ಅದು ಬೇರು ಬಿಟ್ಟು ನಿಂತ ಇನ್ನೊಂದು ಮರವೇ. ಪ್ರಯೋಗಾಲಯದಲ್ಲಿ ಭ್ರೂಣವನ್ನು ಬೇರ್ಪಡಿಸಿ ಅತಿಶೀತಲದಲ್ಲಿಡುವ ದಾರಿಗಳುಂಟು, ಆದರೆ ಪ್ರತಿ ಜಾತಿಗೂ ಬೇರೆಬೇರೆ ವಿಧಾನ ಹುಡುಕಬೇಕಾದ ದುಬಾರಿ ದಾರಿಗಳವು. ಸದ್ಯಕ್ಕೆ ನಮ್ಮ ಘಟ್ಟದ ಮರಗಳಿಗೆ ಮಣ್ಣು, ನೆರಳು, ನೀರು ಇವೇ ಗತಿ.

ತೋಟ ಬೇಕು ಎಂದು ಒಪ್ಪಿದವರಲ್ಲೂ ಒಂದು ನಂಬಿಕೆ ಬಲವಾಗಿದೆ: ಹೆಚ್ಚು ಸಸಿ ಎಂದರೆ ಹೆಚ್ಚು ಸಂರಕ್ಷಣೆ. 1950ರಲ್ಲಿ ಕೆ.ಎಂ. ಮುನ್ಷಿಯವರು ವನಮಹೋತ್ಸವ ಶುರುಮಾಡಿದಂದಿನಿಂದ ಪ್ರತಿ ಮಳೆಗಾಲವೂ ನಾವು ಕೇಳುವ ಲೆಕ್ಕ ಇದೊಂದೇ, ಎಷ್ಟು ಸಸಿ ನೆಟ್ಟರು. ಸಾಲುಮರದ ತಿಮ್ಮಕ್ಕನವರ ಮಾತು ಬಂದಾಗಲೂ 385 ಆಲದ ಮರ ಎಂಬ ಸಂಖ್ಯೆ ಎಲ್ಲರ ಬಾಯಲ್ಲಿದೆ. ಆದರೆ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆ ದಂಪತಿ ಮಾಡಿದ ದೊಡ್ಡ ಕೆಲಸ ನೆಟ್ಟದ್ದಲ್ಲ, ಬಿಂದಿಗೆಯಲ್ಲಿ ನೀರು ಹೊತ್ತದ್ದು, ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು. ಅದಕ್ಕೆ ಸಂಖ್ಯೆಯಿಲ್ಲವಾದ್ದರಿಂದ ಅದು ಭಾಷಣಕ್ಕೆ ಬರುವುದಿಲ್ಲ.

ಅಪರೂಪದ ಗಿಡಗಳಲ್ಲಿ ಸಂಖ್ಯೆಯ ಮೋಸ ಇನ್ನೂ ಸೂಕ್ಷ್ಮವಾದದ್ದು. ದಕ್ಷಿಣ ಆಫ್ರಿಕಾದ ಎನ್ಸೆಫಲಾರ್ಟೋಸ್ ವುಡಿಯೈ ಎಂಬ ಸೈಕಾಡ್ ಗಿಡವನ್ನು 1895ರಲ್ಲಿ ಗೊಯೆ ಕಾಡಿನಲ್ಲಿ ಜಾನ್ ಮೆಡ್ಲಿ ವುಡ್ ಕಂಡರು. ಸಿಕ್ಕಿದ್ದು ಒಂದೇ ಬುಡ, ಅದೂ ಗಂಡು. ಅದರ ಮರಿಗಳನ್ನು ಬಿಡಿಸಿ ಬಿಡಿಸಿ ಇವತ್ತು ಜಗತ್ತಿನ ಅನೇಕ ಸಸ್ಯೋದ್ಯಾನಗಳಲ್ಲಿ ನೆಟ್ಟಿದ್ದಾರೆ. ಎಣಿಸಲು ಹೊರಟರೆ ಗಿಡಗಳು ಸಾಕಷ್ಟಿವೆ. ಆದರೆ ಎಲ್ಲವೂ ಒಂದೇ ಗಂಡು ಗಿಡದ ತದ್ರೂಪುಗಳು, ಬೀಜ ಕಟ್ಟುವ ಹೆಣ್ಣು ಇದುವರೆಗೆ ಸಿಕ್ಕಿಲ್ಲ. ಕತ್ತಲೆಕಾನಿನ ಮರಕ್ಕೂ ಇದೇ ಪಾಠ ಅನ್ವಯಿಸುತ್ತದೆ. ಒಂದು ಹೆಣ್ಣು ಮರದಡಿ ಆಯ್ದ ಬೀಜದಿಂದ ಸಾವಿರ ಸಸಿ ಎಬ್ಬಿಸಿದರೆ ನಮಗೆ ಸಿಗುವುದು ಒಂದೇ ತಾಯಿಯ ಸಾವಿರ ಮಕ್ಕಳು. ಬೇರೆಬೇರೆ ಜಡ್ಡಿಗಳ ಇಪ್ಪತ್ತು ತಾಯಿಮರಗಳಿಂದ ಬಂದ ಐವತ್ತು ಸಸಿಗಳು, ಯಾವುದು ಯಾವುದರ ಮಗು ಎಂಬ ದಾಖಲೆಯೊಡನೆ ಇದ್ದರೆ, ನನ್ನ ಲೆಕ್ಕದಲ್ಲಿ ಅವೇ ಹೆಚ್ಚು. ಆದರೆ ಸಾವಿರ ಸಸಿ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಬಹುದು. ಒಂದು ಹಳೆಯ ನೋಟುಬುಕ್ಕಿಗೆ ಹಣ ಕೊಡಿ ಎಂದು ಅಚ್ಚು ಹಾಕಿಸುವುದು ಕಷ್ಟ.

ಇನ್ನು ಔಷಧದ ಮಾತು. ನಾಳೆ ಇದರಲ್ಲೇ ಯಾವುದೋ ದೊಡ್ಡ ಕಾಯಿಲೆಗೆ ಮದ್ದು ಸಿಗಬಹುದು ಎಂಬುದು ವಂತಿಗೆ ಕೇಳುವವರ ನೆಚ್ಚಿನ ವಾದ. ಸಿಗಬಹುದು, ಇಲ್ಲವೆನ್ನಲಾರೆ. ಆದರೂ ಉಪಯೋಗ ತಿಳಿದ ಗಿಡಗಳ ಗತಿ ಏನಾಗಿದೆ ನೋಡಿ. ಮರದರಿಶಿನದ ಬಳ್ಳಿ ಘಟ್ಟದಲ್ಲಿ ಅಪರೂಪವಾದದ್ದು ಯಾರಿಗೂ ಬೇಡವಾಗಿ ಅಲ್ಲ, ಎಲ್ಲರಿಗೂ ಬೇಕಾಗಿ; ಕಾಂಡದಲ್ಲೇ ಗುಣವಿರುವುದರಿಂದ ಬಳ್ಳಿಯನ್ನೇ ಕಡಿಯುತ್ತಾರೆ, ಮತ್ತೆ ಬಲಿಯಲು ಅದಕ್ಕೆ ವರ್ಷಗಟ್ಟಲೆ ಬೇಕು. ಸೀತಾ ಅಶೋಕದ ಕಥೆಯೂ ತೊಗಟೆಯ ಕಥೆಯೇ. ಅಶೋಕ ಎಂದೊಡನೆ ಪಟ್ಟಣದ ಬಹುಪಾಲು ಜನರ ಕಣ್ಣಿಗೆ ಬರುವುದು ಕಾಂಪೌಂಡಿನ ಪಕ್ಕ ಕಂಬದಂತೆ ನಿಲ್ಲುವ ಬೇರೊಂದು ಮರ ಎಂಬುದು ಇಲ್ಲಿ ಸೇರಿಸಬೇಕಾದ ವಿನೋದ. ಉಪಯೋಗವನ್ನು ಸಾರಿ ರಕ್ಷಣೆ ಕೇಳಿದರೆ, ಕೇಳಿಸಿಕೊಂಡವರಲ್ಲಿ ಒಬ್ಬ ವಂತಿಗೆ ಕೊಟ್ಟಾನು, ಇನ್ನೊಬ್ಬ ಕತ್ತಿ ಹಿಡಿದು ಕಾಡಿಗೆ ಹೋದಾನು. ಅದೂ ಅಲ್ಲದೆ ಯಾವ ಮದ್ದಿಗೂ ಒದಗದ ಒಂದು ಜರಿಗಿಡ ಆಗ ವಾದದಿಂದಲೇ ಹೊರಗುಳಿಯುತ್ತದೆ. ಅದನ್ನು ಏಕೆ ಉಳಿಸಬೇಕು ಎಂದರೆ, ಇಷ್ಟು ಕಾಲ ಬದುಕಿ ಬಂದದ್ದನ್ನು ನಮ್ಮ ಅಜಾಗ್ರತೆಯಿಂದ ಮುಗಿಸುವ ಹಕ್ಕು ನಮಗಿಲ್ಲ ಎಂಬ ಬಡವಾದ ಉತ್ತರವೊಂದೇ ನನ್ನಲ್ಲಿರುವುದು. ಅದು ಎಲ್ಲರಿಗೂ ಸಾಲದಿರಬಹುದು.

ತೆರಿಗೆ ಕಟ್ಟುತ್ತೇವೆ, ಇದು ಸರ್ಕಾರದ ಕೆಲಸ ಎನ್ನುವವರೊಡನೆ ನಾನು ಅರ್ಧ ದಾರಿ ಬರಬಲ್ಲೆ. ನೆಲದ ಮೇಲಿನ ಕಾನೂನು ಸರ್ಕಾರದ್ದು. ಜಡ್ಡಿಯನ್ನು ಕಾಯ್ದಿಟ್ಟ ಪ್ರದೇಶವೆಂದು ಘೋಷಿಸುವ ಅಧಿಕಾರ ಯಾವ ವಂತಿಗೆಗೂ ಇಲ್ಲ. ಆದರೆ ಸಾರ್ವಜನಿಕ ಉದ್ಯಾನ ಉತ್ತರ ಕೊಡಬೇಕಾದುದು ಬಂದುಹೋಗುವ ಜನರಿಗೆ. ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ನಮ್ಮ ಹೆಮ್ಮೆ, ಆದರೆ ಬಹುಪಾಲು ಜನಕ್ಕೆ ಅದು ಜನವರಿ ಮತ್ತು ಆಗಸ್ಟ್ ತಿಂಗಳ ಫಲಪುಷ್ಪ ಪ್ರದರ್ಶನ. ಜನ ಹೂ ಕೇಳುತ್ತಾರೆ, ಹೂ ಕೊಡುವುದು ಅದರ ಧರ್ಮ. ಇದು ನಮ್ಮೊಬ್ಬರ ಸ್ಥಿತಿಯೂ ಅಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಜಗತ್ತಿನ ಸಸ್ಯೋದ್ಯಾನಗಳ ಸಂಗ್ರಹವನ್ನು ಲೆಕ್ಕ ಹಾಕಿ 2017ರಲ್ಲಿ ಪ್ರಕಟಿಸಿದರು. ತಿಳಿದಿರುವ ಸಸ್ಯಜಾತಿಗಳಲ್ಲಿ ಶೇ. 30ರಷ್ಟು, ಅಪಾಯದಲ್ಲಿವೆ ಎಂದು ಗೊತ್ತಾದವುಗಳಲ್ಲಿ ಶೇ. 41ರಷ್ಟು ಎಲ್ಲೋ ಒಂದು ಉದ್ಯಾನದಲ್ಲಿವೆ. ಇದು ಸಣ್ಣ ಸಾಧನೆಯಲ್ಲ. ಆದರೆ ಈ ಉದ್ಯಾನಗಳ ಒಟ್ಟು ಸಾಮರ್ಥ್ಯದಲ್ಲಿ ಅಪಾಯದ ಜಾತಿಗಳಿಗೆ ಮೀಸಲಾದದ್ದು ಶೇ. 10 ಮಾತ್ರ, ಸಂಗ್ರಹಗಳಲ್ಲಿ ಇಲ್ಲದಿರುವವು ಹೆಚ್ಚಾಗಿ ಉಷ್ಣವಲಯದವು, ಅಂದರೆ ನಮ್ಮಂಥ ನೆಲದವು.

ಸರ್ಕಾರವಿಲ್ಲದಿದ್ದರೆ ಕಂಪನಿಗಳಿವೆಯಲ್ಲ? 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸಸ್ಯಸಂಪತ್ತಿನ ರಕ್ಷಣೆಯೂ ಆ ಪಟ್ಟಿಯಲ್ಲಿದೆ. ಸಂತೋಷ. ಆದರೆ ನಿಯಮದ ಪ್ರಕಾರ ಮುಂದುವರಿಯುವ ಯೋಜನೆಗೂ ಆರಂಭದ ವರ್ಷ ಬಿಟ್ಟು ಮೂರು ವರ್ಷದ ಮಿತಿಯಿದೆ. ಮೂರು ವರ್ಷದಲ್ಲಿ ಬೇಲಿ ಹಾಕಬಹುದು, ನೆರಳುಮನೆ ಕಟ್ಟಬಹುದು, ಕೊಳವೆಬಾವಿ ಕೊರೆಯಬಹುದು. ಮಳೆಕಾಡಿನ ಮರ ಆ ಹೊತ್ತಿಗೆ ಸೊಂಟದೆತ್ತರ ಬಂದಿದ್ದರೆ ಪುಣ್ಯ. ಆಮೇಲೆ ಬೇಲಿ ತುಕ್ಕು ಹಿಡಿಯುವ ಕಾಲಕ್ಕೆ ಫಲಕದಲ್ಲಿ ಹೆಸರಿರುವವರು ಇನ್ನೊಂದು ಊರಿನಲ್ಲಿ ಇನ್ನೊಂದು ಬೇಲಿ ಉದ್ಘಾಟಿಸುತ್ತಿರುತ್ತಾರೆ. ದೊಡ್ಡ ಹಣ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕಟ್ಟಲು ಬರುತ್ತದೆ, ಕಾಯಲು ಬರುವುದಿಲ್ಲ.

ಕಾಯುವುದು ಎಂದರೆ ನಿಜಕ್ಕೂ ಏನು ಎಂಬುದಕ್ಕೆ ನನಗೆ ತುಂಬ ಹಿಡಿಸಿದ ನಿದರ್ಶನ ಒಂದು ಪುಟ್ಟ ನೈದಿಲೆಯದು. ರುವಾಂಡದ ಬಿಸಿನೀರ ಬುಗ್ಗೆಯೊಂದರ ಅಂಚಿನಲ್ಲಿ 1987ರಲ್ಲಿ ಕಂಡ ನಿಂಫಿಯಾ ಥರ್ಮಾರಂ ನೈದಿಲೆಗಳಲ್ಲೇ ಅತಿ ಚಿಕ್ಕದು; ಎಲೆಯ ಅಗಲ ಒಂದೆರಡು ಸೆಂಟಿಮೀಟರ್. 2008ರ ಹೊತ್ತಿಗೆ ಆ ಜಾಗದಲ್ಲಿ ಗಿಡ ಕಾಣದಾಯಿತು. ಜರ್ಮನಿಯ ಬಾನ್ ಸಸ್ಯೋದ್ಯಾನ ಕಾಪಾಡಿಕೊಂಡಿದ್ದ ಬೀಜ, ಸಸಿಗಳು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಬಂದವು. ನೈದಿಲೆಯಲ್ಲವೇ, ನೀರಿನಲ್ಲಿ ಮುಳುಗಿಸಿಟ್ಟರು. ಸಸಿಗಳು ಸಾಯುತ್ತ ಹೋದವು. ಹಣಕ್ಕಾಗಲಿ ಗಾಜಿನ ಮನೆಗಾಗಲಿ ಅಲ್ಲಿ ಕೊರತೆಯಿರಲಿಲ್ಲ. ಕೊನೆಗೆ 2009ರಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಎಂಬ ತೋಟಗಾರ, ಇದು ತವರಿನಲ್ಲಿ ಬೆಳೆಯುತ್ತಿದ್ದದ್ದು ನೀರೊಳಗಲ್ಲ, ಒದ್ದೆ ಕೆಸರಿನಲ್ಲಿ ಎಂಬ ವಿವರಕ್ಕೆ ಗಮನಕೊಟ್ಟು, ಕುಂಡಗಳನ್ನು ನೀರಿನ ಮಟ್ಟಕ್ಕೆ ಎತ್ತಿಟ್ಟರು. ಗಾಳಿಯ ಇಂಗಾಲದ ಡೈಆಕ್ಸೈಡ್ ಎಲೆಗೆ ತಗಲಿತು, ಗಿಡ ಬದುಕಿತು, ಹೂ ಬಿಟ್ಟಿತು. ಗಿಡವನ್ನು ಉಳಿಸಿದ್ದು ಸಾಯುವ ಸಸಿಗಳನ್ನು ದಿನಾ ನೋಡುತ್ತಿದ್ದ ಒಬ್ಬ ಸಂಬಳದ ನೌಕರ. ಆ ಸಂಬಳವನ್ನು ಯಾವ ದಾನಿಯ ಫಲಕವೂ ನೆನೆಸುವುದಿಲ್ಲ.

ನಮ್ಮ ಕೊಡಗಿನ ಗಡಿಯಾಚೆ, ವಯನಾಡಿನ ಪೆರಿಯ ಸಮೀಪ ಇರುವ ಗುರುಕುಲ ಸಸ್ಯಧಾಮದಲ್ಲೂ ನನಗೆ ಕಾಣುವುದು ಇದೇ. ಜರ್ಮನಿಯಿಂದ ಬಂದ ವೊಲ್ಫ್‌ಗಾಂಗ್ ಥಾಯರ್‌ಕಾಫ್ 1981ರಲ್ಲಿ ಅದನ್ನು ಆರಂಭಿಸಿದರು. ಪಶ್ಚಿಮ ಘಟ್ಟದ ಜರಿಗಿಡ, ಸೀತಾಳೆ, ಗೌರಿಹೂವಿನ ಬಂಧುಗಳು ಅಲ್ಲಿ ನೆಲೆ ಕಂಡಿವೆ. ಅಲ್ಲಿನ ಕೆಲಸಕ್ಕಾಗಿ ಸುಪ್ರಭಾ ಶೇಷನ್ ಅವರಿಗೆ 2006ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಥಾಯರ್‌ಕಾಫ್ 2014ರಲ್ಲಿ ತೀರಿಕೊಂಡರು, ತೋಟ ಮುಂದುವರಿಯಿತು. ಸ್ಥಾಪಕರೊಂದಿಗೇ ಕೊನೆಯಾಗುವ ಸಂಸ್ಥೆಗಳು ನಮ್ಮಲ್ಲಿ ಎಷ್ಟಿಲ್ಲ? ಇಲ್ಲಿ ಹಾಗಾಗದ್ದಕ್ಕೆ ಕಾರಣ, ನನ್ನ ಊಹೆಯಂತೆ, ಗಿಡಗಳ ತಿಳಿವಳಿಕೆ ಸುತ್ತಲಿನ ಹಳ್ಳಿಗಳ ಹೆಂಗಸರ ಕೈಗೆ ಬಂದಿದ್ದದ್ದು. ಯಾವ ಗಿಡಕ್ಕೆ ಎಷ್ಟು ನೆರಳು, ಯಾವುದನ್ನು ಯಾವ ಮಳೆಗೆ ಮೊದಲು ಕದಲಿಸಬೇಕು, ಎಂಬುದನ್ನು ವರ್ಷಾನುಗಟ್ಟಲೆ ಮಾಡಿ ಕಲಿತವರು ಅವರು. ಅಂಥ ಒಬ್ಬಾಕೆ ಹೆಚ್ಚು ಕೂಲಿ ಸಿಗುವ ಕಾಫಿ ಎಸ್ಟೇಟಿಗೆ ಹೊರಟುಹೋದರೆ ತೋಟಕ್ಕಾಗುವ ನಷ್ಟವನ್ನು ಹೊಸ ಸಸಿ ತಂದು ತುಂಬಲಾಗುವುದಿಲ್ಲ. ಊರವರ ಚಿಲ್ಲರೆ ವಂತಿಗೆಗೆ ಒಂದು ಬೆಲೆಯಿದೆ ಎಂದು ನಾನು ವಾದಿಸುವುದು ಇಲ್ಲಿಯೇ. ಮೊತ್ತದಲ್ಲಿ ಅದು ಕಂಪನಿಯ ಹಣಕ್ಕೆ ಸಾಟಿಯಲ್ಲ. ಆದರೆ ಐನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ಐವತ್ತು ಸಾವಿರ. ಅದಕ್ಕೆ ಉದ್ಘಾಟನೆ ಬೇಡ, ಮೂರು ವರ್ಷದ ಗಡುವಿಲ್ಲ, ಹತ್ತು ಮನೆ ನಿಲ್ಲಿಸಿದರೂ ಉಳಿದವು ನಡೆಸುತ್ತವೆ. ಕೂಲಿಗೆ ಬೇಕಾದುದು ಇಂಥ ಬೇಸರದ ಹಣ.

ದಾನಿಗೆ ತನ್ನ ಹೆಸರು ಕಾಣಬೇಕು, ಹೊಸದೇನಾದರೂ ಆಗಬೇಕು, ಇದು ಮನುಷ್ಯ ಸ್ವಭಾವ, ಬದಲಾಗದು ಎಂದು ನೀವು ಹೇಳಬಹುದು. ಹೆಸರಿನ ಆಸೆ ನಿಜ. ಆದರೆ ಹೊಸದೇ ಆಗಬೇಕೆಂಬುದು ಸ್ವಭಾವವೋ ಈಚಿನ ಅಭ್ಯಾಸವೋ ಎಂಬ ಸಂಶಯ ನನಗಿದೆ. ನಮ್ಮ ಹಳೆಯ ಶಾಸನಗಳಲ್ಲಿ ಗುಡಿ ಕಟ್ಟಿಸಿದವರ ಜೊತೆಗೆ ನಂದಾದೀಪದ ಎಣ್ಣೆಗೆ ಬಿಟ್ಟವರು, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಅಂದರೆ ಒಡಕು ಬಿರುಕಿನ ರಿಪೇರಿಗೆ ಭೂಮಿ ಕೊಟ್ಟವರು ಸಾಲುಸಾಲಾಗಿ ಸಿಗುತ್ತಾರೆ. ಕೆರೆಯ ಹೂಳು ಹೊರುವ ಬಂಡಿಗೆ, ಬಂಡಿಯ ಕೋಣಗಳಿಗೆ, ಅದನ್ನು ನಡೆಸುವ ಆಳಿಗೆ ದತ್ತಿ ಬಿಟ್ಟವರಿದ್ದಾರೆ. ಅವರ ಹೆಸರೂ ಕಲ್ಲಿನಲ್ಲಿದೆ. ಇವತ್ತಿಗೂ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆಗೆ ಹಣ ಕಟ್ಟುವವರಿದ್ದಾರೆ. ಇಡುಗಂಟಿನ ಬಡ್ಡಿಯಲ್ಲಿ ವರ್ಷಕ್ಕೊಂದು ಪೂಜೆ ನಡೆದರೆ ಅವರಿಗೆ ತೃಪ್ತಿ. ರಿಪೇರಿಗೆ, ಎಣ್ಣೆಗೆ, ಆಳಿಗೆ ಕೊಡುವುದು ನಮಗೆ ಹೊಸದಲ್ಲ. ಗಿಡದ ವಿಷಯಕ್ಕೆ ಬಂದಾಗ ಮಾತ್ರ ಸಸಿ ಹಿಡಿದ ಫೋಟೊ ಬೇಕೆನಿಸುವುದು ಏಕೆ?

ಹಾಗೆಂದು ಸಮುದಾಯ ಎಂಬುದರ ಮೇಲೆ ಕುರುಡು ಭರವಸೆ ಇಡಲೂ ನಾನು ತಯಾರಿಲ್ಲ. ಕೊಡಗಿನ ದೇವರಕಾಡುಗಳನ್ನು ಜನರ ಭಕ್ತಿಯೇ ಕಾಯ್ದಿತು ಎಂದು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಅವುಗಳ ವಿಸ್ತೀರ್ಣ 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಭಕ್ತಿ ಅಷ್ಟರಮಟ್ಟಿಗೆ ಕಡಿಮೆಯಾಯಿತು ಎಂದು ನನಗನಿಸುವುದಿಲ್ಲ. ಹಬ್ಬ ನಡೆಯುತ್ತಲೇ ಇತ್ತು, ಅಂಚು ಕರಗುತ್ತಲೂ ಇತ್ತು. ಗೌರವ ಮತ್ತು ಗಡಿ ಅಳೆಯುವ ಕೆಲಸ ಬೇರೆಬೇರೆ. ತೋಟದ ಬಗ್ಗೆ ಊರವರಿಗೆ ಪ್ರೀತಿಯಿದ್ದರೆ ಸಾಕು ಎನ್ನುವವರಿಗೆ ಇದನ್ನು ನೆನಪಿಸಬೇಕು.

ಕೊಟ್ಟವರು ಬಂದು ನೋಡಲಿ, ತೋಟ ಎಲ್ಲರಿಗೂ ತೆರೆದಿರಲಿ ಎಂಬ ಬೇಡಿಕೆಯೂ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮೇಲೆ ಹೇಳಿದ ಆ ಪುಟ್ಟ ನೈದಿಲೆಯ ಗಿಡವೊಂದನ್ನು 2014ರ ಜನವರಿಯಲ್ಲಿ ಕ್ಯೂ ಉದ್ಯಾನದಿಂದಲೇ ಯಾರೋ ಕಿತ್ತು ಒಯ್ದರು. ಕೇಪ್‌ಟೌನಿನ ಕರ್ಸ್ಟನ್‌ಬಾಷ್ ಉದ್ಯಾನದಲ್ಲಿ ಅದೇ ವರ್ಷ ಇಪ್ಪತ್ತಕ್ಕೂ ಹೆಚ್ಚು ಸೈಕಾಡ್‌ಗಳು ಕಳುವಾದವು. ಅಪರೂಪ ಎಂದು ಬರೆದ ಫಲಕ ಕಳ್ಳನಿಗೆ ಬೆಲೆಪಟ್ಟಿ. ಆದ್ದರಿಂದ ತೋಟದ ಒಂದು ಭಾಗ ಮುಚ್ಚಿರುವುದು ದಾನಿಗೆ ಮಾಡುವ ಅವಮಾನವಲ್ಲ. ಇನ್ನೊಂದು ಮಾತು: ತೆರೆದ ಭಾಗವೂ ನೋಡಲು ಅಂದವಾಗಿ ಇರಲಿಕ್ಕಿಲ್ಲ. ಕೊಳೆಯುವ ಎಲೆ, ಬಿದ್ದ ಕೊಂಬೆ, ಪಾಚಿ ಹಿಡಿದ ಕಲ್ಲು ಅಲ್ಲಿನ ಗಿಡಗಳಿಗೆ ಬೇಕು. ಗುಡಿಸಿ ಸುಣ್ಣ ಬಳಿದಂತಿರುವ ಸಂರಕ್ಷಣಾ ತೋಟವನ್ನು ಕಂಡರೆ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತದೆ.

ಇಲ್ಲಿಗೆ ನನ್ನ ವಾದಕ್ಕೆ ಎದುರಾಗುವ ಗಟ್ಟಿ ಆಕ್ಷೇಪ ಬರುತ್ತದೆ. ಗಿಡ ಎಣಿಸಬೇಡಿ, ಫಲಕ ಕೇಳಬೇಡಿ, ಒಳಗೆ ಬರಬೇಡಿ, ಸಂಬಳಕ್ಕೆ ಮಾತ್ರ ಕೊಡುತ್ತಿರಿ ಎಂದರೆ ಮೋಸಗಾರನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಕ್ಕೀತೇ? ಸಿಗಲಾರದು. ಆಕ್ಷೇಪ ಸರಿಯಾಗಿದೆ. ಅದಕ್ಕೇ ಬೇರೊಂದು ಲೆಕ್ಕ ಕೇಳಬೇಕು. ವರ್ಷಕ್ಕೊಮ್ಮೆ ಒಂದು ಹಾಳೆ ಸಾಕು: ಯಾವ ಜಾತಿ, ಎಷ್ಟು ತಾಯಿಮರಗಳಿಂದ ಬಂದದ್ದು, ಈ ವರ್ಷ ಎಷ್ಟು ಸತ್ತವು, ಏಕೆ ಸತ್ತವು, ಇದೇ ಗಿಡ ಇನ್ನಾವ ತೋಟದಲ್ಲಿ ಇದೆ, ಅದನ್ನು ನೋಡಿಕೊಳ್ಳುವವರು ಎಷ್ಟು ವರ್ಷದಿಂದ ಕೆಲಸದಲ್ಲಿದ್ದಾರೆ. ಇನ್ನಾವ ತೋಟದಲ್ಲಿದೆ ಎಂಬ ಕಲಂ ಖಾಲಿಯಿದ್ದರೆ, ನಮ್ಮಲ್ಲಿ ಮಾತ್ರ ಇದೆ ಎಂದು ಬೀಗುವ ಬದಲು ತೋಟದವರು ಕಳವಳಪಡಬೇಕು; ಒಂದು ಕಾಡ್ಗಿಚ್ಚು ಅಥವಾ ಒಂದು ಆಸ್ತಿ ವ್ಯಾಜ್ಯ ಎಲ್ಲವನ್ನೂ ಮುಗಿಸಬಹುದು. ಸತ್ತವುಗಳ ಕಲಂ ಬಗ್ಗೆ ಮುಜುಗರವಾಗುವುದು ಸಹಜ. ಆದರೆ ಅಲ್ಲಿ ದೊಡ್ಡ ಸಂಖ್ಯೆಯಿದ್ದು ಪಕ್ಕದಲ್ಲಿ ಕಾರಣ ಬರೆದಿದ್ದರೆ ನಾನು ವಂತಿಗೆ ಮುಂದುವರಿಸುತ್ತೇನೆ. ಒಂದೂ ಸತ್ತಿಲ್ಲ ಎಂದು ಬರೆದಿದ್ದರೆ ಮಾತ್ರ, ಮುಂದಿನ ತಿಂಗಳ ಹಣ ಕಳಿಸುವ ಮೊದಲು, ಗಿಡ ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಒಮ್ಮೆ ಹೋಗಿ ನೋಡಿಬರುತ್ತೇನೆ.